ನೆಲವಿಲ್ಲದ ಮನೆ: ಒಂದು ಡಚ್ ಹಳ್ಳಿಯ ಬಾಡಿಗೆ ಚರಿತ್ರೆ

ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ, ಅಲ್ಲಿ ಹೇಳೋಕೆ ಮರೆತಿದ್ದ ಒಂದೆರಡು ವಿಷಯ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇವತ್ತಿನ ವಿಷಯ ಬಾಡಿಗೆ ಮನೆ. ವಾಕಡ್, ಗಚ್ಚಿಬೌಲಿ, ಶೋಲಿಂಗನಲ್ಲೂರು, ನೊಯ್ಡಾ, ಎಲ್ಲೇ ಇರಿ, ಈ ವಿಷಯದಲ್ಲಿ ನಮ್ಮೆಲ್ಲರ ಹತ್ತಿರವೂ ಒಂದೊಂದು ಪುರಾಣ ಇದ್ದೇ ಇರತ್ತೆ. ಬ್ರೋಕರ್ ಪುರಾಣ, ಸೊಸೈಟಿ ಸೆಕ್ರೆಟರಿ ಪುರಾಣ, "ಫ್ಯಾಮಿಲಿನಾ, ಬ್ಯಾಚುಲರಾ, ನಾನ್‌ವೆಜ್ ಮಾಡ್ತೀರಾ" ಪುರಾಣ. ನನ್ನದು ಪುಣೆಯಲ್ಲಿ ಶುರುವಾಗಿ ನೆದರ್ಲ್ಯಾಂಡ್ಸ್‌ನ ಒಂದು ಹಳ್ಳಿಗೆ ಹೋಗಿ ವಾಪಸ್ ಪುಣೆಗೆ ಬಂದ ಪುರಾಣ. ಆದರೆ ನನ್ನ ಕಥೆಗಿಂತ ಆ ಮನೆಯ ಹಿಂದಿರೋ ಚರಿತ್ರೆ ದೊಡ್ಡದು. ಅದನ್ನು ಹೇಳೋಕೆ ಕೂತಿದ್ದೇನೆ.

2022ರ ನವೆಂಬರ್. ಎರಡು ವರ್ಷದ ಪ್ರಾಜೆಕ್ಟ್ ಮೇಲೆ ಐಂಡ್‌ಹೋವನ್‌ಗೆ ಹೋಗಿದ್ದೆ. ಊರೊಳಗೆ ಮನೆ ಸಿಗಲಿಲ್ಲ. ಒಂದು ಮನೆ ಖಾಲಿಯಾದರೆ ನೋಡೋಕೆ ಮೂವತ್ತು ಜನ ಸಾಲು ನಿಲ್ಲುತ್ತಿದ್ದರು, ಬಾಡಿಗೆಯ ಮೂರು ಪಟ್ಟು ಸಂಬಳದ ಸ್ಲಿಪ್ ಕೈಯಲ್ಲಿ ಹಿಡಿದು. ಕೊನೆಗೆ ಸಿಕ್ಕಿದ್ದು ಪಕ್ಕದ ನ್ಯೂನೆನ್‌ನಲ್ಲಿ. ಸೈಕಲ್ ತುಳಿದರೆ ಅರ್ಧ ಗಂಟೆ. ಸುತ್ತಲಿನ ಒಂದೆರಡು ಹಳ್ಳಿ ಸೇರಿಸಿದರೂ ಇಪ್ಪತ್ತಮೂರು ಸಾವಿರ ಚಿಲ್ಲರೆ ಜನ. ನಡುವೆ ಒಂದು ಉದ್ಯಾನ, ಎರಡು ಚರ್ಚು, ಒಂದು ಗಾಳಿಯಂತ್ರ. ರಾತ್ರಿ ಏಳಕ್ಕೆ ರಸ್ತೆಯಲ್ಲಿ ನರಪಿಳ್ಳೆ ಇರಲ್ಲ.

ಓನರ್ ಎಪ್ಪತ್ತು ದಾಟಿದ ಹಿರಿಯರು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೀತಾರೆ, ನನಗೆ ನಾಲಿಗೆ ಏಳಲಿಲ್ಲ. ಮನೆಯೊಳಗೆ ನಾವಿಬ್ಬರೂ ಅವರನ್ನು "ಅಜ್ಜ" ಅಂತಲೇ ಕರೀತಿದ್ದೆವು, ಇಲ್ಲೂ ಹಾಗೇ ಕರೀತೀನಿ. ಅಜ್ಜ ಬಾಗಿಲು ತೆಗೆದರು. ಮಹಡಿಯ ಕೋಣೆಗಳಲ್ಲಿ ನೆಲವೇ ಇಲ್ಲ. ಅಂದರೆ ಬರೀ ಸಿಮೆಂಟು, ಅದರ ಮೇಲೆ ಗೋಂದಿನ ಕಲೆ. ಕಿಟಕಿಗೆ ಪರದೆ ಇಲ್ಲ, ಪರದೆ ಸಿಕ್ಕಿಸೋ ಕಂಬಿಯೂ ಇಲ್ಲ. ಬಲ್ಬ್ ಇರಬೇಕಾದ ಕಡೆ ಎರಡು ವೈರು ಜೋತಾಡುತ್ತಿದ್ದವು. ನನ್ನ ಹೆಂಡತಿ ಮೆಲ್ಲಗೆ ಕೇಳಿದಳು, "ರೀ, ಮನೆ ಇನ್ನೂ ಕಟ್ಟಿ ಮುಗಿದಿಲ್ವೇನ್ರಿ?"

ಮನೆ 1970ರ ದಶಕದ್ದು. ಕಟ್ಟಿ ಐವತ್ತು ವರ್ಷ ಆಗಿತ್ತು. ವಿಷಯ ಏನಪ್ಪಾ ಅಂದ್ರೆ, ಅಲ್ಲಿ ಬಾಡಿಗೆ ಮನೆಯಲ್ಲಿ ಮೂರು ಜಾತಿ. ಒಂದು, ಸಾಮಾನು ಸಮೇತ ಕೊಡೋದು. ಎರಡು, ನೆಲಹಾಸು, ಪರದೆ ಮಾತ್ರ ಇರೋದು. ಮೂರನೆಯದು "ಕಾಲ್", ಅಂದರೆ ಬೋಳು. ಗೋಡೆ, ಮಾಡು, ನಲ್ಲಿ ಓನರ್‌ದು. ಮಿಕ್ಕಿದ್ದೆಲ್ಲ, ಕಾಲಿಡೋ ನೆಲವೂ ಸೇರಿ, ಬಾಡಿಗೆದಾರನದು. ಹೋಗುವಾಗ ಅವನು ಕಿತ್ತುಕೊಂಡು ಹೋಗಬಹುದು. ನಮಗಿಂತ ಮುಂಚೆ ಇದ್ದವನು ಮಹಡಿಯದ್ದನ್ನು ಕಿತ್ತಾಗಿತ್ತು. ಕೆಳಗಿನ ಹಾಲ್‌ನ ಲ್ಯಾಮಿನೇಟ್ ಹಲಗೆ ಇನ್ನೂ ಇತ್ತು. ಅವನು ಫೋನ್‌ನಲ್ಲಿ ತುಂಬ ಮರ್ಯಾದೆಯಿಂದ ಹೇಳಿದ: ನಾನೂರು ಯೂರೋ ಕೊಟ್ಟರೆ ಬಿಟ್ಟುಹೋಗ್ತೀನಿ, ಇಲ್ಲಾಂದ್ರೆ ಶನಿವಾರ ಬಂದು ಒಯ್ಯುತ್ತೀನಿ. ಕೊಟ್ಟೆವು. ಜೀವನದಲ್ಲಿ ಮೊದಲ ಸಲ ಒಂದು ದೇಶದಲ್ಲಿ ನೆಲ ಖರೀದಿ ಮಾಡಿದ್ದೆ, ಅದೂ ಭೂಮಿ ಇಲ್ಲದ ನೆಲ.

ಎಂಥಾ ಜಿಪುಣ ಜನ ಅಂತ ಮೊದಲು ನಕ್ಕಿದ್ದೆ. ಆಮೇಲೆ ಅನ್ನಿಸಿತು, ಎರಡು ವರ್ಷಕ್ಕೆ ಬಂದುಹೋಗೋನು ಯಾರಾದರೂ ನೆಲ ಹಾಸ್ತಾನಾ? ಇಪ್ಪತ್ತು ವರ್ಷ ಇಲ್ಲೇ ಇರ್ತೀನಿ, ನನ್ನನ್ನು ಯಾರೂ ಎಬ್ಬಿಸಲ್ಲ ಅನ್ನೋ ಧೈರ್ಯ ಇದ್ದೋನು ಮಾತ್ರ ಬಾಡಿಗೆ ಮನೆಗೆ ತನ್ನ ದುಡ್ಡಿನ ನೆಲ ಹಾಸ್ತಾನೆ. ಆ ಧೈರ್ಯ ಅವರಿಗೆ ಎಲ್ಲಿಂದ ಬಂತು? ಶನಿವಾರ ಭಾನುವಾರ ಅದನ್ನೇ ಓದತೊಡಗಿದೆ.

ಓದು ನ್ಯೂನೆನ್‌ನಿಂದಲೇ ಶುರುವಾಯಿತು. ಆ ಊರಿನ ಅತ್ಯಂತ ಹೆಸರುವಾಸಿ ಬಾಡಿಗೆದಾರ ವಿನ್ಸೆಂಟ್ ವ್ಯಾನ್ ಗೋ. ಅವನ ಅಪ್ಪ ಅಲ್ಲಿನ ಪ್ರಾಟೆಸ್ಟೆಂಟ್ ಪಾದ್ರಿ. ಕೈಯಲ್ಲಿ ಕಾಸಿಲ್ಲದ ಮೂವತ್ತು ವರ್ಷದ ಮಗ 1883ರ ಡಿಸೆಂಬರ್‌ನಲ್ಲಿ ಅಪ್ಪನ ಮನೆಗೆ ವಾಪಸ್ ಬಂದ. ಮುಂದಿನ ವರ್ಷ, ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಪರಿಚಾರಕನ ಮನೆಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಸ್ಟುಡಿಯೋ ಮಾಡಿಕೊಂಡ. ಊರು ಬಹುಪಾಲು ಕ್ಯಾಥೊಲಿಕ್, ಅವನು ಪ್ರಾಟೆಸ್ಟೆಂಟ್ ಪಾದ್ರಿಯ ಮಗ. ಅಲ್ಲಿ ಕೂತು ನೇಕಾರರನ್ನು ಬರೆದ, ರೈತರನ್ನು ಬರೆದ. 1885ರಲ್ಲಿ ಡಿ ಗ್ರೋಟ್ ಅನ್ನೋ ಕುಟುಂಬ ದೀಪದ ಬೆಳಕಲ್ಲಿ ಆಲೂಗಡ್ಡೆ ತಿನ್ನುತ್ತಿರೋ ಆ ದೊಡ್ಡ ಚಿತ್ರ ಬಂತು. ಅದೇ ವರ್ಷ ಆ ಮನೆಯ ಮದುವೆಯಾಗದ ಮಗಳು ಬಸುರಿಯಾದಳು. ಊರು ಚಿತ್ರಕಾರನ ಕಡೆ ಬೆರಳು ತೋರಿಸಿತು. ಅವನು ನಾನಲ್ಲ ಅಂದ. ಕ್ಯಾಥೊಲಿಕ್ ಪಾದ್ರಿ ತನ್ನ ಒಕ್ಕಲಿನವರಿಗೆ, ಅವನ ಮುಂದೆ ಚಿತ್ರಕ್ಕೆ ಕೂರಬೇಡಿ ಅಂತ ಕಟ್ಟಪ್ಪಣೆ ಮಾಡಿದ. ಸ್ಟುಡಿಯೋ ಇದ್ದದ್ದು ಅದೇ ಚರ್ಚಿನ ನೌಕರನ ಮನೆಯಲ್ಲಿ. ನವೆಂಬರ್‌ನಲ್ಲಿ ವಿನ್ಸೆಂಟ್ ಊರು ಬಿಟ್ಟು ಆಂಟ್‌ವರ್ಪ್‌ಗೆ ಹೋದ. ಬಿಟ್ಟುಹೋದ ಚಿತ್ರಗಳಲ್ಲಿ ಎಷ್ಟೋ ಮುಂದೆ ಗುಜರಿಯವರ ಪಾಲಾದವು. ಸೊಸೈಟಿಯವರ ಕಣ್ಣಿಗೆ ಬಿದ್ದು ಮನೆ ಬಿಟ್ಟ ಬ್ಯಾಚುಲರ್‌ಗಳಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅವನ ಚಿತ್ರಗಳಲ್ಲಿ ನಾನು ನೋಡಿದ್ದು ಮನುಷ್ಯರಿಗಿಂತ ಮನೆಗಳನ್ನು. ಅದೇ ವರ್ಷದ ಇನ್ನೊಂದು ಚಿತ್ರದಲ್ಲಿ ಒಂದು ಹುಲ್ಲಿನ ಸೂರು, ಎರಡು ಬಾಗಿಲು. ಒಂದೇ ಸೂರಿನ ಕೆಳಗೆ ಎರಡು ಸಂಸಾರ. ನೇಕಾರರ ಚಿತ್ರಗಳಲ್ಲಿ ಮಗ್ಗವೇ ಕೋಣೆ ತುಂಬಿಕೊಂಡಿರತ್ತೆ, ಮಗು ಕುರ್ಚಿಯನ್ನು ಅದರ ಪಕ್ಕಕ್ಕೇ ತುರುಕಿರ್ತಾರೆ. ಆ ಕಾಲದ ಡಚ್ ಬಡವರ ಮನೆ ಅಂದರೆ ಇದು. ಉತ್ತರದ ಡ್ರೆಂಟೆ ಪ್ರಾಂತದಲ್ಲಂತೂ ಹುಲ್ಲುಹೆಂಟೆ ಕೊಯ್ದು ಒಂದರ ಮೇಲೊಂದು ಪೇರಿಸಿದ ಗುಡಿಸಲುಗಳು. ನಗರಗಳಲ್ಲಿ ನೆಲಮಾಳಿಗೆಯ ಕೋಣೆಗಳು, ಕಿಟಕಿಯೇ ಇಲ್ಲದ ಮಲಗೋ ಗೂಡುಗಳು. ಇವತ್ತು ಪೋಸ್ಟ್‌ಕಾರ್ಡ್‌ನಲ್ಲಿ ಕಾಣೋ ಹಾಲೆಂಡ್ ಅಲ್ಲ ಅದು.

1901ರಲ್ಲಿ ಒಂದು ಕಾನೂನು ಬಂತು, "ವೋನಿಂಗ್‌ವೆಟ್", ವಸತಿ ಕಾಯಿದೆ. ಪಿಯರ್ಸನ್ ಪ್ರಧಾನಿಯಾಗಿದ್ದ ಕಾಲ. ಜಾರಿಯಾದದ್ದು 1902ರಲ್ಲಿ. ಅದರ ಪ್ರಕಾರ ಪ್ರತಿ ಪಂಚಾಯಿತಿಯೂ ಕಟ್ಟಡದ ನಿಯಮ ಮಾಡಲೇಬೇಕು. ವಾಸಕ್ಕೆ ಯೋಗ್ಯವಲ್ಲದ ಮನೆಯನ್ನು ಮುಚ್ಚಿಸೋ ಅಧಿಕಾರ ಪಂಚಾಯಿತಿಗೆ ಇದೆ. ಮೂರನೆಯದೇ ಮುಖ್ಯ: ಲಾಭಕ್ಕಲ್ಲದೆ ಮನೆ ಕಟ್ಟಿ ಬಾಡಿಗೆಗೆ ಕೊಡೋ ಸಂಘಗಳಿಗೆ ಸರ್ಕಾರ ಸಾಲ ಕೊಡತ್ತೆ. ಕ್ಯಾಥೊಲಿಕ್ಕರಿಗೆ ಒಂದು ಸಂಘ, ಪ್ರಾಟೆಸ್ಟೆಂಟರಿಗೆ ಒಂದು, ಸಮಾಜವಾದಿಗಳಿಗೆ ಒಂದು. ಜಾತಿವಾರು ಹಾಸ್ಟೆಲ್ ಕಟ್ಟಿದ ಹಾಗೆಯೇ ಅನ್ನಿ. ಆದರೆ ಕಟ್ಟಿದ್ದು ಗಟ್ಟಿ. ಇವತ್ತಿಗೂ ಆ ದೇಶದ ಮನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಇಂಥ ಸಂಘಗಳದ್ದು.

ಇನ್ನೊಂದು ಕಡೆಯಿಂದ ಕಂಪನಿ ಬಂತು. ಐಂಡ್‌ಹೋವನ್‌ನಲ್ಲಿ 1891ರಲ್ಲಿ ಫಿಲಿಪ್ಸ್ ಬಲ್ಬ್ ಕಾರ್ಖಾನೆ ಶುರುವಾಯಿತು. ಕೆಲಸಗಾರರಿಗೆ ಮನೆ ಇಲ್ಲ. 1910ರಲ್ಲಿ ಕಂಪನಿ ತಾನೇ ಫಿಲಿಪ್ಸ್‌ಡೋರ್ಪ್ ಅಂತ ಒಂದು ಕಾಲೊನಿ ಕಟ್ಟೋಕೆ ಶುರುಮಾಡಿತು. ಊರು ಎಷ್ಟು ವೇಗದಲ್ಲಿ ಉಬ್ಬಿತು ಅಂದರೆ 1920ರಲ್ಲಿ ಸುತ್ತಲಿನ ಐದು ಹಳ್ಳಿಗಳನ್ನು ನುಂಗಿಕೊಂಡಿತು. ನ್ಯೂನೆನ್ ಉಳಿದುಕೊಂಡಿತು. 1920ರ ದಶಕದ ಕೊನೆಗೆ, ಕೆಲಸವಿಲ್ಲದ ಆ ಡ್ರೆಂಟೆಯಿಂದ ಫಿಲಿಪ್ಸ್ ಸಂಸಾರ ಸಂಸಾರವನ್ನೇ ಕರೆಸಿತು. ಹೆಣ್ಣುಮಕ್ಕಳು ಹೆಚ್ಚಿರೋ ಸಂಸಾರಕ್ಕೆ ಹೆಚ್ಚು ಬೇಡಿಕೆ, ಯಾಕಂದ್ರೆ ಬಲ್ಬಿನ ನಾಜೂಕು ಕೆಲಸಕ್ಕೆ ಹುಡುಗಿಯರ ಬೆರಳು ಬೇಕು. ಅವರಿಗೆ ಕಟ್ಟಿದ ಕಾಲೊನಿಯ ಹೆಸರು ಇವತ್ತಿಗೂ "ಡ್ರೆಂಟ್ಸ್ ಡೋರ್ಪ್", ಡ್ರೆಂಟೆಯವರ ಹಳ್ಳಿ. ಭಾಷೆಯ ಧಾಟಿ ಬೇರೆ, ಧರ್ಮ ಬೇರೆ, ಊಟ ಬೇರೆ. ನಾನು ಆ ಬೀದಿಗಳಲ್ಲಿ ಒಂದು ಭಾನುವಾರ ಸೈಕಲ್ ಹೊಡೆದೆ. ಚಿಕ್ಕ ಇಟ್ಟಿಗೆ ಮನೆಗಳು, ಎದುರಿಗೆ ಅಂಗೈಯಗಲ ತೋಟ. ಕೋಲಾರದ ಚಿನ್ನದ ಗಣಿಯ ಲೈನ್ ಮನೆಗಳನ್ನೋ ಜಾಲಹಳ್ಳಿಯ ಬಿಇಎಲ್ ಕಾಲೊನಿಯನ್ನೋ ನೋಡಿದವರಿಗೆ ಅದು ಅಪರಿಚಿತ ಅನ್ನಿಸಲ್ಲ. ಆ ಊರಿಗೆ ಕಂಪನಿ ಕರೆಸಿದ ಹೊರಗಿನವರಲ್ಲಿ ನಾವು ಮೊದಲನೆಯವರಲ್ಲ. ವ್ಯತ್ಯಾಸ ಒಂದೇ, ಅವರಿಗೆ ಕಂಪನಿ ಆಫರ್ ಲೆಟರ್ ಜೊತೆ ಮನೆಯನ್ನೂ ಕೊಟ್ಟಿತ್ತು.

ಈಗ ಕೋರ್ಟಿನ ವಿಷಯ. 1914ರಲ್ಲಿ ಡಚ್ ಸುಪ್ರೀಂ ಕೋರ್ಟ್ ಮುಂದೆ ನೈಮೇಗನ್ ಊರಿನ ಒಂದು ಕೇಸ್ ಬಂತು. ಖಾಲಿ ಬಿದ್ದಿದ್ದ ಮನೆಯೊಳಗೆ ಹೊಕ್ಕು, ಒಂದು ಕುರ್ಚಿ, ಒಂದು ಮೇಜು, ಒಂದು ಮಂಚ ಇಟ್ಟುಕೊಂಡು ಕೂತಿದ್ದರು. ಇದು ಅತಿಕ್ರಮ ಪ್ರವೇಶವೇ? ಕೋರ್ಟ್ ಹೇಳಿದ್ದರ ಸಾರ ಇಷ್ಟು: ಕಾನೂನು ಕಾಯೋದು ವಾಸವನ್ನು; ಯಾರು ನಿಜವಾಗಿ ಅಲ್ಲಿ ವಾಸ ಇದ್ದಾರೋ ಅವರ ಮನೆತನದ ಹಕ್ಕನ್ನು. ಅರ್ಧ ಶತಮಾನ ಕಳೆದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನ ಹುಡುಗರು ಈ ತೀರ್ಪನ್ನು ಅಕ್ಷರಶಃ ಹಿಡಿದರು. ಖಾಲಿ ಮನೆಯ ಬೀಗ ಒಡೆದು, ಕುರ್ಚಿ ಮೇಜು ಮಂಚ ಒಳಗಿಟ್ಟು, ಬನ್ನಿ ನೋಡಿ ಅಂತ ತಾವೇ ಪೊಲೀಸರನ್ನು ಕರೆಯೋರು. 1980ರ ಏಪ್ರಿಲ್ 30ರಂದು ಬೆಯಾಟ್ರಿಕ್ಸ್ ರಾಣಿಯ ಪಟ್ಟಾಭಿಷೇಕದ ದಿನ, ಮನೆ ಇಲ್ಲದಿದ್ದರೆ ಕಿರೀಟವೂ ಇಲ್ಲ ಅಂತ ಬೀದಿಯಲ್ಲಿ ದೊಂಬಿಯೇ ಆಯಿತು. ಖಾಲಿ ಮನೆ ಹೊಕ್ಕು ಕೂರೋದು ಪೂರ್ತಿ ಅಪರಾಧ ಆದದ್ದು 2010ರ ಅಕ್ಟೋಬರ್ 1ರಿಂದ.

ಇನ್ನೊಂದು ಹಳೇ ತತ್ವ, 1838ರ ಅವರ ಸಿವಿಲ್ ಕೋಡ್‌ನಲ್ಲೇ ಇದ್ದದ್ದು: ಮಾರಾಟವು ಬಾಡಿಗೆಯನ್ನು ಮುರಿಯುವುದಿಲ್ಲ. ಓನರ್ ಮನೆ ಮಾರಿದರೆ ಹೊಸ ಓನರ್ ಬಾಡಿಗೆದಾರನ ಸಮೇತವೇ ಕೊಳ್ಳಬೇಕು. ಹೀಗೆ, ಮನೆ ಯಾರ ಹೆಸರಲ್ಲಿದೆ ಅನ್ನೋದರ ಪಕ್ಕದಲ್ಲೇ ಮನೆಯಲ್ಲಿ ಯಾರಿದ್ದಾರೆ ಅನ್ನೋದಕ್ಕೂ ಒಂದು ತೂಕ ಬಂತು. ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟ್ ಜೊತೆ ಇದನ್ನು ಇಟ್ಟು ನೋಡಿ. ನಾವು ಹನ್ನೊಂದು ಅಂತ ಬರೆಯೋದು ಯಾಕೆ? 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿಯನ್ನು ರಿಜಿಸ್ಟರ್ ಮಾಡಿಸಬೇಕು. ಅದನ್ನು ತಪ್ಪಿಸಿಕೊಳ್ಳೋಕೆ ಒಂದು ತಿಂಗಳು ಕಮ್ಮಿ. ಅಷ್ಟೇ. ನಮ್ಮ ಇಡೀ ಬಾಡಿಗೆ ಬದುಕು ನಿಂತಿರೋದು ಒಂದು ಸ್ಟಾಂಪ್ ಡ್ಯೂಟಿ ಲೆಕ್ಕದ ಮೇಲೆ.

ಇಲ್ಲಿ ಮುಂಬೈ, ಪುಣೆಯವರು ಸ್ವಲ್ಪ ಗಮನ ಕೊಡಿ. 1940ರ ಮೇ 10ರಂದು ಜರ್ಮನಿ ನೆದರ್ಲ್ಯಾಂಡ್ಸ್ ಮೇಲೆ ದಾಳಿ ಮಾಡಿತು. ಆ ವರ್ಷವೇ ಬಾಡಿಗೆಗಳನ್ನು ದಾಳಿಯ ಹಿಂದಿನ ದಿನದ ಮಟ್ಟಕ್ಕೆ ಕಟ್ಟಿಹಾಕಿದರು. ಅತ್ತ ಬಾಂಬೆಯಲ್ಲಿ? 1947ರ ಬಾಂಬೆ ಬಾಡಿಗೆ ಕಾಯಿದೆ ಆಧಾರವಾಗಿ ಹಿಡಿದದ್ದು 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನು. ಎರಡು ದೇಶ, ಒಂದೇ ಮದ್ದು, ಒಂದೇ ವರ್ಷದ ಬಾಡಿಗೆ. ಬಾಂಬೆಯಲ್ಲಿ ಏನಾಯಿತು ಅಂತ ಗಿರ್‌ಗಾಂವ್‌ನ ಚಾಳುಗಳನ್ನು ನೋಡಿದವರಿಗೆ ಗೊತ್ತು. ಒಳಗಿದ್ದೋನಿಗೆ ಪುಡಿಗಾಸು ಬಾಡಿಗೆ, ಹೊರಗಿನಿಂದ ಬಂದೋನಿಗೆ ಪಗಡಿ, ಕಟ್ಟಡಕ್ಕೆ ಸುಣ್ಣ ಬಳಿಯೋರು ಯಾರೂ ಇಲ್ಲ. ಓನರ್‌ಗಳು ಕಾನೂನಿನ ಕೈಗೆ ಸಿಗದಿರೋಕೆ "ಬಾಡಿಗೆದಾರ" ಅನ್ನೋ ಪದವನ್ನೇ ಬಿಟ್ಟು "ಲೀವ್ ಅಂಡ್ ಲೈಸೆನ್ಸ್" ಹಿಡಿದರು. ಪ್ರತಿ ವರ್ಷ ಬೆರಳಚ್ಚು ಕೊಟ್ಟು ನಾವು ರಿನ್ಯೂ ಮಾಡಿಸೋದು ಅದನ್ನೇ. ಕಾಗದದ ಮೇಲೆ ನಾವು ಬಾಡಿಗೆದಾರರೂ ಅಲ್ಲ, ಒಳಗೆ ಬರೋಕೆ ಅನುಮತಿ ಪಡೆದ ಅತಿಥಿಗಳು.

ಡಚ್ಚರೂ ಅದೇ ಗುಂಡಿಗೆ ಬೀಳಬಹುದಿತ್ತು. ಅವರನ್ನು ಉಳಿಸಿದ್ದು ಬಾಡಿಗೆ ಕಾನೂನಲ್ಲ, ಇಟ್ಟಿಗೆ. ಯುದ್ಧ ಮುಗಿದ ಮೇಲೆ ಮನೆ ಕೊರತೆಯನ್ನು ಅವರು ಜನರ ಒಂದನೇ ನಂಬರ್ ಶತ್ರು ಅಂತ ಕರೆದರು. ಬಾಡಿಗೆಯನ್ನು ಹಂತ ಹಂತವಾಗಿ ಸಡಿಲಿಸುತ್ತಾ, ಜೊತೆಗೆ ಎಡೆಬಿಡದೆ ಕಟ್ಟಿದರು. ಯುದ್ಧಾನಂತರದ ಹತ್ತು ಲಕ್ಷನೇ ಮನೆ 1962ರಲ್ಲಿ ಎದ್ದಿತು. ನಾನಿದ್ದ ಸಾಲುಮನೆಯೂ ಅದರ ಮುಂದಿನ ಅಲೆಯದ್ದೇ. ಹಾಲ್‌ನ ಎರಡೂ ತುದಿಗೆ ದೊಡ್ಡ ಕಿಟಕಿ, ಸೂರ್ಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಬೇಕು. ಅಂಥ ಮನೆಗೆ ಅವರ ಭಾಷೆಯಲ್ಲಿ ಹೆಸರೇ "ಬಿಸಿಲು ಹಾಯುವ ಮನೆ". (ಡಚ್ಚರು ಕಿಟಕಿಗೆ ಪರದೆ ಎಳೆಯಲ್ಲ, ಪ್ರಾಟೆಸ್ಟೆಂಟರಿಗೆ ಮುಚ್ಚಿಡೋಕೆ ಏನೂ ಇಲ್ಲ ಅದಕ್ಕೇ ಅಂತ ಗೈಡ್‌ಗಳು ಹೇಳ್ತಾರೆ. ನ್ಯೂನೆನ್‌ನಲ್ಲಿ ತಲೆತಲಾಂತರದ ಕ್ಯಾಥೊಲಿಕ್ಕರೂ ಎಳೆಯಲ್ಲ. ನನ್ನ ಪ್ರಕಾರ ನವೆಂಬರ್‌ನಲ್ಲಿ ಬರೋ ಅಷ್ಟು ಬೆಳಕನ್ನೂ ಕಳಕೊಳ್ಳೋಕೆ ಯಾರಿಗೂ ಇಷ್ಟ ಇಲ್ಲ, ಅಷ್ಟೇ ಕಾರಣ.)

ಮನೆಗಳು ಏಳುವವರೆಗೆ ಏನು ಮಾಡಿದರು ಅನ್ನೋದು ಕಠಿಣ ಅಧ್ಯಾಯ. 1947ರ ವಸತಿ ಹಂಚಿಕೆ ಕಾಯಿದೆ ಪ್ರಕಾರ, ಯಾರು ಎಲ್ಲಿ ವಾಸ ಮಾಡಬೇಕು ಅಂತ ಪಂಚಾಯಿತಿ ಪರವಾನಗಿ ಕೊಡಬೇಕು. ನಿಮ್ಮ ಮನೆಯಲ್ಲಿ ಕೋಣೆ ಹೆಚ್ಚಿದ್ದರೆ ಇನ್ನೊಂದು ಸಂಸಾರವನ್ನು ತಂದು ಕೂರಿಸೋ ಅಧಿಕಾರವೂ ಇತ್ತು. ಅಜ್ಜ ಹುಟ್ಟಿದ್ದು ಆ ಕಾಲದಲ್ಲಿ. ಒಂದು ಸಂಜೆ ಕಾಫಿಗೆ ಕರೆದು, ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿ, ಹೇಳಿದರು: ಮದುವೆಯಾಗಿ ಆರು ವರ್ಷ ಅವರ ಅಪ್ಪ ಅಮ್ಮ ಇದ್ದದ್ದು ಅಜ್ಜಿ ಮನೆಯ ಅಟ್ಟದ ಮೇಲೆ. ಅಡುಗೆಗೆ ಕೆಳಗೆ ಇಳಿಯೋಕೆ ಗಂಟೆ ನಿಗದಿ ಇತ್ತಂತೆ. ಅದೇ ಕಾಲದಲ್ಲಿ ಸರ್ಕಾರವೇ ಜನರನ್ನು ಕೆನಡಾ, ಆಸ್ಟ್ರೇಲಿಯಾಕ್ಕೆ ವಲಸೆ ಹೋಗಿ ಅಂತ ಹುರಿದುಂಬಿಸುತ್ತಿತ್ತು. ಅಜ್ಜನ ಚಿಕ್ಕಪ್ಪ ಒಬ್ಬರು ಹಾಗೇ ಕೆನಡಾಕ್ಕೆ ಹೋದರು. ಅತ್ತ ಕಡೆಯಿಂದ, ಸ್ವತಂತ್ರವಾದ ಇಂಡೋನೇಷ್ಯಾದಿಂದ ಜನ ಬರುತ್ತಿದ್ದರು. 1951ರಲ್ಲಿ ಡಚ್ ಸೈನ್ಯದಲ್ಲಿದ್ದ ಮೊಲುಕ್ಕಸ್ ದ್ವೀಪದವರು, ಹೆಂಡತಿ ಮಕ್ಕಳು ಸೇರಿ ಸುಮಾರು 12,500 ಜನ, ಹಡಗಿನಲ್ಲಿ ಬಂದಿಳಿದರು. ಕೆಲವು ತಿಂಗಳ ಮಟ್ಟಿಗೆ ಅಂತ ಅವರನ್ನು ಕ್ಯಾಂಪ್‌ಗಳಲ್ಲಿಟ್ಟರು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವೆಸ್ಟರ್‌ಬೋರ್ಕ್ ಮತ್ತು ಫುಖ್ಟ್ ಕ್ಯಾಂಪುಗಳೂ ಅದರಲ್ಲಿ ಸೇರಿದ್ದವು. ಕೆಲವು ತಿಂಗಳು ದಶಕಗಳಾದವು. ಫುಖ್ಟ್ ನ್ಯೂನೆನ್‌ನಿಂದ ದೂರವಿಲ್ಲ. ತಾತ್ಕಾಲಿಕ ಅನ್ನೋ ಪದವನ್ನು ಆಮೇಲೆ ನಾನು ಯಾವ ಫಾರ್ಮ್‌ನಲ್ಲಿ ನೋಡಿದರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದೆ.

ಫಾರ್ಮ್ ಅಂದಾಗ ವಿಳಾಸದ ವಿಷಯ ಹೇಳಬೇಕು. ನ್ಯೂನೆನ್‌ಗೆ ಬರೋ ಮುಂಚೆ ಆರು ವಾರ ನಾವು ಊರೊಳಗೆ ಒಂದು ಕೋಣೆಯಲ್ಲಿದ್ದೆವು. ಕೊಟ್ಟವನು ದುಡ್ಡು ಮುಂಗಡ ಎಣಿಸಿಕೊಂಡು, ಈ ವಿಳಾಸವನ್ನು ಪಂಚಾಯಿತಿಯಲ್ಲಿ ನೋಂದಾಯಿಸುವಂತಿಲ್ಲ ಅಂದ. ಆ ದೇಶದಲ್ಲಿ ವಿಳಾಸ ನೋಂದಣಿ ಇಲ್ಲದಿದ್ದರೆ ನೀವು ಇದ್ದೂ ಇಲ್ಲ. ನಾಗರಿಕ ಸಂಖ್ಯೆ, ಬ್ಯಾಂಕು, ವಿಮೆ ಎಲ್ಲ ಅದರ ಹಿಂದೆ. ಹೆಸರಿನ ನೋಂದಣಿಯನ್ನು ಕಡ್ಡಾಯ ಮಾಡಿದ್ದು ನೆಪೋಲಿಯನ್, 1811ರಲ್ಲಿ. 1850ರಿಂದ ಪ್ರತಿ ಮನೆಯಲ್ಲಿ ಯಾರಿದ್ದಾರೆ, ಎಲ್ಲಿಂದ ಬಂದರು, ಯಾವ ಧರ್ಮ ಅಂತ ಪಂಚಾಯಿತಿ ಪುಸ್ತಕ ಇಡತೊಡಗಿತು. ಡೇಟಾಬೇಸ್ ಕೆಲಸ ಮಾಡೋ ನನಗೆ ಮೊದಲು ಓದಿದಾಗ ಎಂಥಾ ಅಚ್ಚುಕಟ್ಟು ಅನ್ನಿಸಿತ್ತು. ಆಮೇಲೆ ಓದಿದೆ, 1940ರ ನಂತರ ಆ ಅಚ್ಚುಕಟ್ಟೇ ಜರ್ಮನ್ನರ ಕೈಗೆ ಸಿಕ್ಕಿತು ಅಂತ. ಆ ದೇಶದ ಸುಮಾರು 1,40,000 ಯಹೂದಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅವರನ್ನು ಹುಡುಕೋಕೆ ವಿಳಾಸದ ಪುಸ್ತಕವಿತ್ತು. 1943ರ ಮಾರ್ಚ್ 27ರ ರಾತ್ರಿ ವಿಲ್ಲೆಮ್ ಅರೋಂಡೆಯಸ್ ಮತ್ತು ಸಂಗಡಿಗರು ಪೊಲೀಸ್ ವೇಷದಲ್ಲಿ ಹೋಗಿ ಆಮ್‌ಸ್ಟರ್‌ಡ್ಯಾಮ್‌ನ ನೋಂದಣಿ ಕಚೇರಿಗೆ ಬಾಂಬ್ ಇಟ್ಟರು. ಅರೋಂಡೆಯಸ್‌ನನ್ನು ಹಿಡಿದು ಗುಂಡಿಕ್ಕಿದರು. ನೋಂದಣಿ ಮಾಡಿಸೋಕೆ ಸಿಗಲಿಲ್ಲ ಅಂತ ಗೊಣಗುತ್ತಿದ್ದ ನಾನು ಆ ರಾತ್ರಿಯ ವಿವರ ಓದಿದ ಮೇಲೆ ಗೊಣಗೋದು ಬಿಡಲಿಲ್ಲ, ಆದರೆ ಸದ್ದು ಕಮ್ಮಿ ಮಾಡಿದೆ.

ಇದೇ ಪುಸ್ತಕದ ಬಗ್ಗೆ ನಗೋ ಕಥೆಯೂ ಒಂದಿದೆ, ನಮ್ಮ ಕಸುಬಿನದ್ದೇ. ಎಡ್ಸ್‌ಖರ್ ಡೈಕ್‌ಸ್ಟ್ರಾ. ಯಾರ ಅಲ್ಗಾರಿದಮ್ ಬರೆದೂ ಬರೆದೂ ನಾವೆಲ್ಲ ಇಂಟರ್‌ವ್ಯೂ ಪಾಸಾದೆವೋ ಅವರೇ. 1957ರಲ್ಲಿ ಮದುವೆ ನೋಂದಣಿಯಲ್ಲಿ ಉದ್ಯೋಗ "ಪ್ರೋಗ್ರಾಮರ್" ಅಂತ ಹೇಳಿದರೆ, ಆಮ್‌ಸ್ಟರ್‌ಡ್ಯಾಮ್ ಅಧಿಕಾರಿಗಳು ಅಂಥ ಉದ್ಯೋಗವೇ ಇಲ್ಲ ಅಂದರಂತೆ. ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಅಂತ ಬರೆದುಕೊಂಡರು. 1972ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಅವರೇ ಹೇಳಿದ್ದು. ಆ ಮನುಷ್ಯ ಇದ್ದದ್ದು ಎಲ್ಲಿ ಅಂದುಕೊಂಡಿರಿ? ನ್ಯೂನೆನ್‌ನಲ್ಲಿ. 1973ರಿಂದ ಬರೋಸ್ ಅನ್ನೋ ಅಮೆರಿಕನ್ ಕಂಪನಿಗೆ ತಮ್ಮ ಮನೆಯ ಓದುಕೋಣೆಯಿಂದಲೇ ಕೆಲಸ ಮಾಡಿದರು, ಪೆನ್ನಿನಲ್ಲಿ ಟಿಪ್ಪಣಿ ಬರೆದು ನಂಬರ್ ಹಾಕಿ, ಕಾಪಿ ಮಾಡಿಸಿ ಅಂಚೆಗೆ ಹಾಕುತ್ತಾ. ಆಮೇಲೆ ಅಮೆರಿಕಕ್ಕೆ ಹೋದರು, ಕಾಯಿಲೆಯಾದಾಗ ವಾಪಸ್ ಅದೇ ಹಳ್ಳಿಗೆ ಬಂದರು, 2002ರಲ್ಲಿ ಅಲ್ಲೇ ತೀರಿಕೊಂಡರು. ಇದು ಗೊತ್ತಾದದ್ದು ನಾನು ಆ ಊರಿಗೆ ಹೋಗಿ ಐದು ತಿಂಗಳಾದ ಮೇಲೆ.

ಮತ್ತೆ ಬಾಡಿಗೆಗೆ ಬರೋಣ. 1979ರಲ್ಲಿ ಬಂದ ಬಾಡಿಗೆ ಕಾಯಿದೆ ಮನೆಗೆ ಅಂಕ ಕೊಡೋ ಪದ್ಧತಿ ತಂದಿತು. ಕೋಣೆಯ ಪ್ರತಿ ಚದರ ಮೀಟರಿಗೆ ಒಂದು ಅಂಕ, ಉಗ್ರಾಣದಂಥ ಜಾಗಕ್ಕೆ ಮುಕ್ಕಾಲು ಅಂಕ, ಅಡುಗೆಮನೆ, ಬಚ್ಚಲಿಗೆ ಬೇರೆ. ಈಗ ಶಾಖ ಎಷ್ಟು ಉಳಿಯತ್ತೆ ಅನ್ನೋದಕ್ಕೂ ಅಂಕ ಇದೆ. ಒಟ್ಟು ಅಂಕ ಎಷ್ಟೋ ಅಷ್ಟಕ್ಕೆ ಗರಿಷ್ಠ ಬಾಡಿಗೆ. ನಮ್ಮ ಭಾಷೆಯಲ್ಲಿ ಒಂದು ಸ್ಕೋರಿಂಗ್ ಫಂಕ್ಷನ್. ಓನರ್ ಜಾಸ್ತಿ ಕೇಳಿದರೆ ಬಾಡಿಗೆ ಆಯೋಗಕ್ಕೆ ಹೋಗಬಹುದು, ಅಂಥ ಆಯೋಗಗಳು 1917ರಿಂದ ಇವೆ. ಒಂದು ಮಿತಿಗಿಂತ ಹೆಚ್ಚು ಅಂಕ ಬಂದ ಮನೆ ಮಾತ್ರ ಲೆಕ್ಕದಿಂದ ಹೊರಗೆ, ಅದಕ್ಕೆ ಓನರ್ ಹೇಳಿದ್ದೇ ಬಾಡಿಗೆ. ನಮ್ಮಂಥ ಹೊರಗಿನವರಿಗೆ ಸಿಗುತ್ತಿದ್ದದ್ದು ಈ ಹೊರಗಿನ ಮನೆಗಳೇ. ಸಂಘಗಳ ಅಗ್ಗದ ಮನೆಗೆ ವರ್ಷಗಟ್ಟಲೆ ಪಾಳಿ. ಜೊತೆಗೆ 2016ರ ಕಾನೂನು, ಎರಡು ವರ್ಷದವರೆಗಿನ ತಾತ್ಕಾಲಿಕ ಕರಾರಿಗೆ ಬಾಗಿಲು ತೆರೆದಿತ್ತು. ನನ್ನದು ಅದೇ ಕರಾರು, ತಿಂಗಳಿಗೆ 1,450 ಯೂರೋ.

ಹೊರಗಿನವನಾದರೂ ಒಂದು ಮರ್ಯಾದೆ ಸಿಕ್ಕಿತು, ಹೇಳಲೇಬೇಕು. ಬಾಡಿಗೆಗೆ ಇರೋನೂ ಅಲ್ಲಿ ನೀರಿನ ಮಂಡಳಿಗೆ ತೆರಿಗೆ ಕಟ್ಟಬೇಕು. ಬಿಲ್ ನೋಡಿ ಉರಿದುಹೋಗಿದ್ದೆ. ಆದರೆ 2023ರ ಮಾರ್ಚ್‌ನಲ್ಲಿ ಅದೇ ಮಂಡಳಿಯ ಚುನಾವಣೆಗೆ ಮತ ಹಾಕೋ ಚೀಟಿಯೂ ಬಂತು. ಪುಣೆಯಲ್ಲಿ ಒಂಬತ್ತು ವರ್ಷ ಇದ್ದು ನಾನು ಒಂದು ಸಲವೂ ಅಲ್ಲಿ ಮತ ಹಾಕಿಲ್ಲ. ವೋಟರ್ ಕಾರ್ಡ್ ಇನ್ನೂ ದಾವಣಗೆರೆಯದ್ದೇ.

2024ರ ಮಧ್ಯದಲ್ಲಿ ಹುಬ್ಬಳ್ಳಿಯ ಹುಡುಗ ಒಬ್ಬ ನಮ್ಮ ಟೀಮಿಗೆ ಬಂದ. ಹೆಂಡತಿಗೆ ಐದು ತಿಂಗಳು. ನವೆಂಬರ್‌ಗೆ ನನ್ನ ಕರಾರು ಮುಗಿಯತ್ತೆ ಅಂತ ಅವನಿಗೆ ಗೊತ್ತಿತ್ತು. "ಅಣ್ಣಾರ, ನೀವು ಬಿಟ್ಟ ಮ್ಯಾಲೆ ಆ ಮನಿ ನಮಗ ಕೊಡಸ್ರಿ" ಅಂದ. ಅಜ್ಜ ಒಳ್ಳೆಯವರು, ಕೊಟ್ಟೇ ಕೊಡ್ತಾರೆ ಅಂತ ನಾನು ಮಾತು ಕೊಟ್ಟುಬಿಟ್ಟೆ.

ಆ ಜುಲೈ 1ಕ್ಕೆ ಎರಡು ಹೊಸ ಕಾನೂನು ಜಾರಿಯಾದವು. ಒಂದು, ತಾತ್ಕಾಲಿಕ ಕರಾರು ಇನ್ನು ಕೆಲವು ವಿನಾಯಿತಿ ಬಿಟ್ಟರೆ ಇಲ್ಲ, ಬಾಡಿಗೆಗೆ ಕೊಟ್ಟರೆ ಅವಧಿ ಇಲ್ಲದೆ ಕೊಡಬೇಕು. ಇನ್ನೊಂದು, 144ರಿಂದ 186 ಅಂಕದ ಮನೆಗಳೂ ಹೊಸ ಕರಾರಿನಲ್ಲಿ ಅಂಕದ ಲೆಕ್ಕದೊಳಗೆ. 186 ಅಂಕಕ್ಕೆ ಆ ವರ್ಷದ ಗರಿಷ್ಠ ಬಾಡಿಗೆ 1,157 ಯೂರೋ 95 ಸೆಂಟ್. ಎರಡೂ ನ್ಯಾಯವಾದ ಕಾನೂನು, ಬಾಡಿಗೆದಾರನ ಪರ. ನಾನೇ ಮೊದಲು ಚಪ್ಪಾಳೆ ತಟ್ಟಿದವನು. ಅಜ್ಜ ಟೇಪ್ ಹಿಡಿದು ಕೋಣೆಗಳನ್ನು ಅಳೆದರು, ನಾನು ಇನ್ನೊಂದು ತುದಿ ಹಿಡಿದುಕೊಂಡೆ. 178 ಅಂಕ ಬಂತು. ಹೊಸಬರಿಗೆ ಸಾವಿರದ ನೂರರ ಆಸುಪಾಸಿಗೆ ಕೊಡಬೇಕು, ಅದೂ ಅವರಾಗಿ ಬಿಡೋವರೆಗೂ. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. ಮಾರ್ತೀನಿ ಅಂದರು.

ನನಗೆ ಸಿಟ್ಟು ಬಂತು. ಹುಬ್ಬಳ್ಳಿಯವರ ವಿಷಯ ಹೇಳಿದೆ, ಮಗು ಬರ್ತಿದೆ ಅಂದೆ. ಅಜ್ಜ ತಲೆಯಾಡಿಸಿದರು. ಅಟ್ಟದ ಮೇಲೆ ಹುಟ್ಟಿದ ಮಗು ನಾನು, ನನಗೆ ಹೇಳ್ತೀಯಾ ಅಂತ ಅವರು ಅನ್ನಬಹುದಿತ್ತು, ಅನ್ನಲಿಲ್ಲ. ಈ ಮನೆ ನನ್ನ ಪಿಂಚಣಿ ಕಣಪ್ಪಾ ಅನ್ನೋ ಅರ್ಥದ ಒಂದು ಮಾತು ಹೇಳಿ ಸುಮ್ಮನಾದರು. ಆ ವರ್ಷ ಹಾಗೆ ಮಾರಿದವರು ಅವರೊಬ್ಬರೇ ಅಲ್ಲ, ಪೇಪರ್ ತುಂಬ ಅದೇ ಸುದ್ದಿ. ಮಾರಿದ ಮನೆ ಮಾಯವಾಗಲ್ಲ, ನಿಜ. ಯಾರೋ ಡಚ್ ದಂಪತಿ ಕೊಂಡು ಸಂಸಾರ ಹೂಡ್ತಾರೆ, ಅವರಿಗೆ ಒಳ್ಳೆಯದೇ. ಆದರೆ ಗೃಹಸಾಲ ಸಿಗದ, ಎರಡು ಸೂಟ್‌ಕೇಸ್ ಹಿಡಿದು ಬಂದೋನ ಪಾಲಿಗೆ ಬಾಡಿಗೆ ಮನೆಯೊಂದು ಕಮ್ಮಿಯಾಯಿತು. ಒಳಗಿದ್ದೋನನ್ನು ಗಟ್ಟಿಯಾಗಿ ಕಾಯೋ ಬಾಗಿಲು ಹೊರಗಿದ್ದೋನಿಗೂ ಗಟ್ಟಿಯೇ. ಪುಣೆಯಲ್ಲಿ ನನಗೆ ಮೂರು ದಿನದಲ್ಲಿ ಮನೆ ಸಿಗತ್ತೆ, ಒಂದು ತಿಂಗಳ ನೋಟಿಸ್‌ನಲ್ಲಿ ಹೋಗತ್ತೆ. ಅಲ್ಲಿ ಆರು ತಿಂಗಳು ಸಿಗಲ್ಲ, ಪೂರ್ತಿ ಕರಾರು ಸಿಕ್ಕರೆ ಸಾಯೋವರೆಗೂ ಯಾರೂ ಎಬ್ಬಿಸಲ್ಲ. ಯಾವುದು ಮೇಲು ಅಂತ ಕೇಳಿದರೆ, ನೀವು ಬಾಗಿಲಿನ ಯಾವ ಕಡೆ ನಿಂತಿದ್ದೀರಿ ಅಂತ ಮೊದಲು ಕೇಳ್ತೀನಿ.

ನವೆಂಬರ್ ಬಂತು. ಖಾಲಿ ಮಾಡೋದು ಅಂದರೆ ಖಾಲಿ. ಕೊಳ್ಳೋರಿಗೆ ನಮ್ಮ ಲ್ಯಾಮಿನೇಟ್ ಬೇಡವಂತೆ, ಕಿತ್ತುಬಿಡಿ ಅಂದರು ಅಜ್ಜ. ಒಂದು ಶನಿವಾರ ಪೂರ್ತಿ ನಾನು, ನನ್ನ ಹೆಂಡತಿ, ಹುಬ್ಬಳ್ಳಿಯ ಹುಡುಗ, ಮೊಣಕಾಲೂರಿ ಹಲಗೆ ಹಲಗೆಯಾಗಿ ಬಿಡಿಸಿದೆವು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅಜ್ಜನೂ ಒಂದು ಸುತ್ತಿಗೆ ತಂದು ಪಕ್ಕದಲ್ಲಿ ಕೂತರು. ಹಲಗೆಯನ್ನು ಪಕ್ಕದ ಮನೆಯವರು ಕೋಳಿಗೂಡಿಗೆ ಒಯ್ದರು. ಮಂಚ, ಮೇಜು, ಎರಡು ಕುರ್ಚಿಯನ್ನು ಹುಡುಗ ಬಾಡಿಗೆ ವ್ಯಾನಿಗೆ ಏರಿಸಿದ. ಅವರು ಆಗ ಇದ್ದದ್ದು ಹೆಲ್ಮಂಡ್‌ನ ಒಂದು ಕೋಣೆಯಲ್ಲಿ, ಆ ವಿಳಾಸವನ್ನೂ ನೋಂದಾಯಿಸುವಂತಿರಲಿಲ್ಲ. ಮಗು ಹುಟ್ಟೋಕೆ ಎರಡು ವಾರ ಇತ್ತು.